ಖಾಲಿ ಅಂದುಕೊಂಡ ಜಾಗ

ರೇಡಿಯೋ ದೂರದರ್ಶಕದ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯರಾದ ಮುಖ್ಯ ವಿಜ್ಞಾನಿಯೂ ಸೇರಿ. ದೊಡ್ಡ ತಟ್ಟೆಯಂಥ ಆಂಟೆನಾವನ್ನು ಹೇಳಿದ ಕಡೆಗೆ ತಿರುಗಿಸುವುದು ಅವಳ ಕೆಲಸ. ಹಿಂದೆ ಅವಳಪ್ಪನೂ ಅದೇ ಕೆಲಸದಲ್ಲಿ ತಲೆ ನೆರೆಸಿಕೊಂಡವನು.

ನಕ್ಷತ್ರ ಹುಟ್ಟುವ ಅನಿಲದ ಮೋಡದಲ್ಲಿ ಒಂದೊಂದು ಬಗೆಯ ಅಣುವೂ ತನ್ನದೇ ಅಲೆ ಹೊಮ್ಮಿಸುತ್ತದೆ. ಪರದೆಯ ಮೇಲೆ ಅದು ಗುಡ್ಡದ ಹಾಗೆ ಏಳುತ್ತದೆ. ಆದರೆ ಯಂತ್ರಕ್ಕೂ ತನ್ನದೇ ಗುಂಯ್ ಸದ್ದಿರುತ್ತದಲ್ಲ, ಅದನ್ನು ತೆಗೆಯಲು ಆಗಾಗ ಪಕ್ಕದ ಖಾಲಿ ಆಕಾಶಕ್ಕೆ ತಿರುಗಿಸಿ, ಅಲ್ಲಿ ಸಿಕ್ಕಿದ್ದನ್ನು ಮೋಡದ್ದರಿಂದ ಕಳೆಯಬೇಕು. ಆ ಖಾಲಿ ಜಾಗ ಹಳಬರು ಆರಿಸಿದ್ದು: ಚಿತ್ರದಲ್ಲಿ ಒಂದು ಚುಕ್ಕಿಯೂ ಕಾಣದ ಕಪ್ಪು ತುಣುಕು.

ಕ್ಷೀಣ ಅಲೆಯನ್ನೂ ಹಿಡಿಯುವ ಹೊಸ ರಿಸೀವರ್ ಕೂರಿಸಿದ ವಾರ, ಸುಡುಬಿಸಿಲ ಮಧ್ಯಾಹ್ನ, ಪರದೆಯ ಮೇಲಿನ ಗುಡ್ಡದ ಪಕ್ಕದಲ್ಲೊಂದು ಗುಂಡಿ ಬಿತ್ತು. ಮೆಕ್ಯಾನಿಕ್ ತಂತಿಗಳನ್ನೆಲ್ಲ ತಡಕಾಡಿ, ಯಂತ್ರ ಕಲ್ಲುಗುಂಡಿನ ಹಾಗಿದೆ ಅಂದ. ವಿಜ್ಞಾನಿ ಬಂದು ಬಹಳ ಹೊತ್ತು ನೋಡಿದರು.

"ಅಕ್ಕಾ, ನಾವು ಕಳೆಯೋದರಲ್ಲೇ ಏನೋ ಇರಬೇಕು, ಆ ಖಾಲಿ ಜಾಗದ ಮೇಲೇ ನಿಲ್ಲಿಸಿ. ಕಳೆಯೋಕೆ ಇನ್ನೂ ದೂರದ ಜಾಗ ತಗೊಳ್ಳೋಣ."

ಮೋಟಾರು ನರಳಿತು. ಗೆರೆ ಮೆಲ್ಲಗೆ ತಲೆಯೆತ್ತಿತು. ತನ್ನ ಹಿಂದಿದ್ದ ನಕ್ಷತ್ರಗಳನ್ನೆಲ್ಲ ಮರೆಮಾಡಿಕೊಂಡು ಅಲ್ಲೊಂದು ಮೋಡ ಕೂತಿತ್ತು. ಇನ್ನೊಂದು ಅಣುವಿನ ಅಲೆಗೆ ಹೊಂದಿಸಿದಾಗ ಗೆರೆ ಸೀಳಿ ಎರಡು ಗೂನಾಯಿತು, ಒಂದು ಎತ್ತರ, ಒಂದು ಗಿಡ್ಡ. ಮೋಡ ತನ್ನೊಳಕ್ಕೇ ಕುಸಿಯುತ್ತಿರುವ ಗುರುತು ಅದು ಎಂದು ವಿಜ್ಞಾನಿ ತಗ್ಗಿದ ದನಿಯಲ್ಲಿ ಹೇಳಿದರು. ಇಷ್ಟು ವರ್ಷ ಎಲ್ಲರೂ ಅದನ್ನು ಏನೂ ಇಲ್ಲವೆಂದೇ ಎಣಿಸಿ ಕಳೆಯುತ್ತ ಬಂದಿದ್ದರು.

ಸಂಜೆ ಮನೆಯಲ್ಲಿ ಅಪ್ಪ ಎಂದಿನಂತೆ ಕಿಟಕಿಗೆ ಬೆನ್ನು ಹಾಕಿ ಊಟಕ್ಕೆ ಕೂತಿದ್ದ. ಹಳೆಯ ಖಾಲಿ ಜಾಗದಲ್ಲಿ ಏನೋ ಸಿಕ್ಕಿತು ಅಂದಳು, ಅಷ್ಟೇ.

"ಒಳಕ್ಕೆ ಬೀಳ್ತಾ ಇದೆಯಾ?" ಅಂದ ಅಪ್ಪ.

ಅಪ್ಪನ ಕಾಲದ ಯಂತ್ರಕ್ಕೆ ಅದು ಕಾಣಲು ಸಾಧ್ಯವೇ ಇರಲಿಲ್ಲ. ನಿನಗೆ ಹೇಗೆ ಗೊತ್ತು ಅಂತ ಕೇಳಿದಳು. ಆಂಟೆನಾ ಅತ್ತ ತಿರುಗಿದಾಗೆಲ್ಲ ತನ್ನನ್ನು ಯಾರೋ ಮೆತ್ತಗೆ ಎಳೆದಂತಾಗುತ್ತಿತ್ತು, ಹೇಳಿದರೆ ಹುಚ್ಚ ಅಂದಾರೆಂದು ತುಟಿ ಪಿಟಕ್ಕೆನ್ನಲಿಲ್ಲ ಎಂದ. ಹೇಳಿ ಮುಗಿಸಿ ನಿಟ್ಟುಸಿರು ಬಿಟ್ಟು, ಎರಡನೇ ಸಲ ಅನ್ನ ಹಾಕಿಸಿಕೊಂಡ. ಅವಳು ಮಾತ್ರ ಕಲಸಿದ ಅನ್ನ ಬಿಟ್ಟು ಎದ್ದಳು.

ಹೆದರಿಕೆಯಾದರೂ ಕೆಲಸ ಬಿಡಲಿಲ್ಲ ಅವಳು. ಆ ಮೋಡ ನೋಡುವ ಪಾಳಿಯನ್ನು ತಾನೇ ಕೇಳಿ ತೆಗೆದುಕೊಂಡಳು. ಅಲ್ಲಿ ನಕ್ಷತ್ರ ಹೊತ್ತಿಕೊಳ್ಳಲು ಇನ್ನೂ ಲಕ್ಷಾಂತರ ವರ್ಷ ಬೇಕಂತೆ ಎಂದು ಒಂದು ದಿನ ಅಪ್ಪನಿಗೆ ಧೈರ್ಯ ಹೇಳಿದಳು.

"ಅಷ್ಟು ಬೇಗವಾ?" ಅಂದ ಅವನು.