ಆಯಿಯ ಎಡಪುಟ, ಬಲಪುಟ

ಆಯಿ, ಅಂದರೆ ನಮ್ಮಪ್ಪನ ತಾಯಿ, ದೀಕ್ಷಾಸ್ನಾನ ಮಾಡಿಸಿಕೊಳ್ಳುವ ಹೊತ್ತಿಗೆ ಮೊಮ್ಮಕ್ಕಳನ್ನು ಕಂಡಿದ್ದಳು. ಅಲ್ಲಿಯವರೆಗೆ ಮಸ್ಕಿಯ ನಮ್ಮ ಓಣಿಯ ದುರುಗಮ್ಮನ ಹತ್ತಿರ ಹೂ ಕೇಳಿಯೇ ಸಂಸಾರ ತೂಗಿಸಿದವಳು. ದೇವಿಗೆ ಏರಿಸಿದ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಯೇಸುಸ್ವಾಮಿಯ ಕಡೆಗೆ ಬರುವಾಗ ದುರುಗಮ್ಮನನ್ನು ಬಿಟ್ಟಳು, ಹೂವನ್ನೂ ಬಿಟ್ಟಳು, ಎಡಬಲವನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಮನೆಯಲ್ಲಿ ಒಂದು ದಪ್ಪನೆಯ ವೇದಪುಸ್ತಕ, ಅಂದರೆ ಬೈಬಲ್, ಇತ್ತು. ಆಯಿಗೆ ಓದು ಬರುತ್ತಿರಲಿಲ್ಲ. ಏನಾದರೂ ತೀರ್ಮಾನ ಆಗಬೇಕಾದರೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಪುಸ್ತಕವನ್ನು ನಡುವೆ ತೆರೆದು ಬೆರಳಿಡುತ್ತಿದ್ದಳು. ಬಲಪುಟಕ್ಕೆ ಬಿದ್ದರೆ ಸ್ವಾಮಿ ಒಪ್ಪಿದ. ಎಡಪುಟಕ್ಕೆ ಬಿದ್ದರೆ ಬೆಂಕಿ ಮುಟ್ಟಿದವಳ ಹಾಗೆ ಬೆರಳು ತೆಗೆದು, ಪುಸ್ತಕ ಮುಚ್ಚಿ ಬಟ್ಟೆ ಸುತ್ತಿ, ಆಮೇಲೆ ಆ ಮಾತನ್ನೇ ಎತ್ತಗೊಡುತ್ತಿರಲಿಲ್ಲ. ಆಡು ಮಾರುವುದು, ಮಾಳಿಗೆಗೆ ಮಣ್ಣು ಹಾಕಿಸುವುದು, ನಮ್ಮ ಕಾಕಾ ದುಡಿಯಲು ರಾಯಚೂರಿಗೆ ಹೋಗುವುದು, ಎಲ್ಲಕ್ಕೂ ಆ ಬೆರಳೇ ಗತಿ. ಕಾಕಾನ ಪಾಲಿಗೆ ಅದು ಎಡಕ್ಕೆ ಬಿತ್ತು. ಪಾಪ, ಅವನು ಮಸ್ಕಿಯಲ್ಲೇ ಕೂತು ಬೀಡಿ ಸೇದುತ್ತ ಜನ್ಮವಿಡೀ ರಾಯಚೂರಿನ ಸುದ್ದಿ ಹೇಳಿದ.

ಆಗ ನಮ್ಮದು ನಿಜಾಮರ ರಾಜ್ಯ. ಸರಕಾರದ ಮದರಸಾದಲ್ಲಿ ಉರ್ದು ಕಲಿಸುತ್ತಿದ್ದರು, ಅಲ್ಲಿಗೆ ಹುಡುಗರು ಹೋಗುವುದೇ ಅಷ್ಟಕ್ಕಷ್ಟೆ. ನಾನು ಕನ್ನಡ ಅಕ್ಷರ ಕಲಿತದ್ದು ಭಾನುವಾರದ ಪ್ರಾರ್ಥನೆಯ ನಂತರ, ಬೇವಿನ ಮರದ ಕೆಳಗೆ. ಕಲಿತ ಮೇಲೆ ಮನೆಯ ಗೋಡೆಗೆ ಅಂಟಿಸಿದ ಸಾಬೂನಿನ ಕಾಗದವನ್ನೂ ಬಿಡದೆ ಓದುತ್ತಿದ್ದೆ. ಆದರೆ ಆಯಿಯ ಪುಸ್ತಕ ಮಾತ್ರ ನನ್ನ ಕೈಗೆ ಸಿಗುತ್ತಿರಲಿಲ್ಲ. ಅದು ಕೇಳುವ ಪುಸ್ತಕ, ಓದುವ ಪುಸ್ತಕ ಅಲ್ಲ ಎಂಬುದು ಅವಳ ಲೆಕ್ಕ.

ನನಗೆ ಹದಿನೇಳೋ ಹದಿನೆಂಟೋ ನಡೆಯುವಾಗ ಎರಡು ಕರೆ ಒಟ್ಟಿಗೆ ಬಂದವು. ಸಿಂಧನೂರಿನಿಂದ ಒಂದು ಸಂಬಂಧ: ಹುಡುಗ ಬಡಿಗತನದಲ್ಲಿ ಒಳ್ಳೆ ಕೈ, ಕುಡಿತ ಇಲ್ಲ, ನಮ್ಮ ಅತ್ತೆ ಇದ್ದ ಓಣಿಯವನೇ. ಇನ್ನೊಂದು ಲಿಂಗಸುಗೂರಿನಿಂದ. ಅಲ್ಲಿ ಛಾವಣಿಯ, ಅಂದರೆ ಹಳೆಯ ದಂಡಿನ ಪಾಳ್ಯದ, ಕಡೆ ಒಂದು ಸಣ್ಣ ದವಾಖಾನೆ ನಡೆಸುತ್ತಿದ್ದ ಮಿಶನ್ನಿನ ದೊರೆಸಾನಿ, ಓದು ಬಲ್ಲ ಹುಡುಗಿಯೊಬ್ಬಳು ಬಂದರೆ ಹೆರಿಗೆ, ಬಾಣಂತನದ ಕೆಲಸ ಕಲಿಸುತ್ತೇನೆ ಅಂದಿದ್ದಳು. ನನಗೆ ಲಿಂಗಸುಗೂರಿನ ಮೇಲೆ ಪ್ರಾಣ. ಆದರೆ ನಾನು ಹುಟ್ಟಾ ಹಟಮಾರಿ. ಇದು ಸ್ವಾಮಿಯ ಕರೆಯೋ ನನ್ನ ಹಟವೋ ಎಂದು ನನಗೇ ತಿಳಿಯುತ್ತಿರಲಿಲ್ಲ, ಅದೇ ನಿಜವಾದ ಪೇಚಾಟ.

ಆಯಿ ಪುಸ್ತಕ ತೆಗೆದಳು. ಸಿಂಧನೂರು ಎಂದು ಕೇಳಿದಳು. ಬಲಕ್ಕೆ ಬಿತ್ತು.

"ಮುಗೀತು. ಸ್ವಾಮಿ ಹೂಂ ಅಂದಾನ," ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ಇನ್ನೊಂದು ಕೇಳು ಆಯಿ. ಏನಂತ ಹೇಳಾಂಗಿಲ್ಲ, ನಾ ಮನಸಿನಾಗ ಇಟ್ಕೊಂಡೀನಿ. ಸ್ವಾಮಿಗಂತೂ ಗೊತ್ತಿರತೈತಿ."

ಆ ಮಾತಿಗೆ ಅವಳು ಇಲ್ಲವೆನ್ನುವ ಹಾಗಿರಲಿಲ್ಲ. ಕಣ್ಣು ಮುಚ್ಚಿ ಕೇಳಿದಳು. ಬೆರಳು ಬಲಪುಟದ ಮೇಲೆ ಸುಖವಾಗಿ ಕೂತಿತು.

"ನಾ ಇಟ್ಕೊಂಡಿದ್ದು ಲಿಂಗಸುಗೂರು," ಅಂದೆ.

ಗೆದ್ದೆ ಅಂದುಕೊಂಡಿದ್ದೆ. ಆದರೆ ಆಯಿ ನನ್ನನ್ನು ಬೈಯಲಿಲ್ಲ. ತನ್ನ ಬಲಗೈಯನ್ನೇ ಬಹಳ ಹೊತ್ತು ನೋಡಿದಳು. ಬಲಗೈ ಬಲಕ್ಕೇ ಬೀಳುತ್ತದೆ, ಮನಸ್ಸು ಒಪ್ಪದಾಗ ಮಾತ್ರ ಎಡಕ್ಕೆ ದಾಟುತ್ತದೆ ಎಂಬುದು ನನಗಿಂತ ಮೊದಲು ಅವಳಿಗೇ ಹೊಳೆದಿರಬೇಕು. ಕಾಕಾ ಊರು ಬಿಡುವುದು ಅವಳಿಗೆ ಬೇಕಿರಲಿಲ್ಲ. ಅವತ್ತು ಆಯಿ ರೊಟ್ಟಿ ಮುಟ್ಟಲಿಲ್ಲ. "ಇಷ್ಟು ವರ್ಷ ನಾ ಯಾರನ್ನ ಕೇಳಾಕತ್ತಿದ್ದೆ ಬೇ," ಎಂದು ಅವ್ವನನ್ನು ಕೇಳಿದಳು. ಅವ್ವ ಒಲೆಯ ಮುಂದೆ ಹೋಗಿ ಕೂತಳು. ನನಗೂ ಗೆದ್ದ ಖುಷಿ ಉಳಿಯಲಿಲ್ಲ.

ಆ ಭಾನುವಾರ ಲಿಂಗಸುಗೂರಿನ ಪಾದ್ರಿಗಳು ಸೈಕಲ್ ತುಳಿದುಕೊಂಡು ಬಂದರು. ಆಯಿ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿ, "ನಾ ನರಕಕ್ಕ ಹೋಗ್ತೀನೇನ್ರಿ ಅಯ್ಯನೋರ?" ಅಂದಳು.

ಪಾದ್ರಿಗಳಿಗೆ ನಗು ಬಂತು, ತಡೆದುಕೊಂಡರು. "ಇಲ್ಲಬೇ ಯವ್ವಾ. ಕೂಸು ಒದರಿದ್ರ ಸಾಕು, ತಾಯಿ ಬರತಾಳ. ನೆಟ್ಟಗ ಒದರೈತೋ ಇಲ್ಲೋ ನೋಡ್ತಾಳೇನು?" ಎಂದು ನನ್ನ ಕಡೆ ತಿರುಗಿದರು. "ನೀ ಒಂದು ಕೆಲಸ ಮಾಡು. ಸಿಂಧನೂರಿಗೆ ಹೂಂ ಅಂದೀನಿ ಅಂತ ತಿಳ್ಕೊಂಡು ಸ್ವಲ್ಪ ದಿನ ಇರು. ಆಮ್ಯಾಲೆ ಲಿಂಗಸುಗೂರಿಗೆ ಹೂಂ ಅಂದೀನಿ ಅಂತ ಇರು. ಪ್ರಾರ್ಥನಿ ಬಿಡಬ್ಯಾಡ. ಯಾವುದರಾಗ ನಿನ್ನ ಜೀವ ತಣ್ಣಗಾಗತೈತಿ, ಮಂದಿ ಜೋಡಿ ಹೆಂಗ ಇರತಿ, ನೋಡ್ಕೋ."

ಸಿಂಧನೂರಿನ ದಿನಗಳು ಜೋರಾಗಿ ಶುರುವಾದವು. ಹೊಸ ಸೀರೆ, ಬಡಿಗನೇ ಕೆತ್ತಿದ ಮಂಚ, ಎಲ್ಲ ಕಣ್ಣ ಮುಂದೆ ಕುಣಿದವು. ಆ ಹುಡುಗನ ಮೇಲೆ ನನಗೇನೂ ಬೇಸರ ಇರಲಿಲ್ಲ. ಆದರೆ ಮಂಚದ ಕನಸು ಹಳತಾಗುತ್ತಲೇ ನಾನು ಉರಿಯತೊಡಗಿದೆ. ನೀರಿಗೆ ಹೋದಲ್ಲಿ ಜಗಳ, ಬೀಸುಕಲ್ಲಿನ ಮುಂದೆ ಜಗಳ. ಕೋಳಿಯನ್ನು ಕೂಡ ಬೈದೆ.

ಲಿಂಗಸುಗೂರಿನ ದಿನಗಳಲ್ಲಿ ಮೊದಲು ಬಂದದ್ದು ಹೆದರಿಕೆ. ರಕ್ತ ಕಂಡರೆ ತಲೆ ತಿರುಗುವವಳು ನಾನು, ಯಾವಳೋ ಹೆರುವಾಗ ಹೇಗೆ ನಿಲ್ಲುವುದು? ಹೆದರಿಕೆ ಹೋಗಲಿಲ್ಲ, ಅದರ ತಳದಲ್ಲಿ ಮಾತ್ರ ಏನೋ ನೆಮ್ಮದಿ ಇತ್ತು. ಪ್ರಾರ್ಥನೆಗೆ ಕೂತರೆ ಬೇಡುವುದೇ ಮರೆತು ಸುಮ್ಮನೆ ಕೂತಿರುತ್ತಿದ್ದೆ. ಆಯಿಯ ಕಾಲು ಒತ್ತುವಾಗ ಗೊಣಗಲಿಲ್ಲ. ಅವ್ವ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ಯಾಕ ಬೇ, ಮೈಯಾಗ ಆರಾಮ ಇಲ್ಲೇನು? ಮನಿಯಾಗ ಜಗಳ ಇಲ್ಲ, ಏನಿಲ್ಲ."

ನನಗೆ ಬೇಕಾದ ಉತ್ತರ ಅಲ್ಲಿ ಸಿಕ್ಕಿತು. ನನ್ನ ಹಟಕ್ಕೆ ಯಾವತ್ತೂ ಇಷ್ಟು ಒಳ್ಳೆ ಗುಣ ಇರಲಿಲ್ಲ. ಅಪ್ಪ ಸಿಂಧನೂರಿಗೆ ಹೋಗಿ, ಕೈ ಮುಗಿದು, ಆಗುವುದಿಲ್ಲ ಎಂದು ಹೇಳಿ ಬಂದ. ಆ ಮನೆಯವರು ದೊಡ್ಡ ಮನಸ್ಸಿನವರು, ಊಟ ಹಾಕಿಯೇ ಕಳಿಸಿದರಂತೆ. ಆಯಿ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪುಸ್ತಕ ಬಟ್ಟೆಯಲ್ಲೇ ಇತ್ತು. ಅವಳ ಒಪ್ಪಿಗೆ ಇಲ್ಲದೆ ಊರು ಬಿಡಲು ನನಗೆ ಸಂಕಟವಾಗುತ್ತಿತ್ತು.

ಹೊರಡುವ ದಿನ ಬಂಡಿ ಕಟ್ಟಿ ಆಗಿತ್ತು. ಅಪ್ಪ ಎತ್ತುಗಳ ಹಗ್ಗ ಹಿಡಿದು ನಿಂತಿದ್ದ. ಆಯಿ ಒಳಗಿನಿಂದ ಪುಸ್ತಕ ತಂದಳು. ಈಗ ಎಡಕ್ಕೆ ಬಿದ್ದರೆ, ಎಲ್ಲ ತಿಳಿದ ಮೇಲೂ, ನನ್ನಿಂದ ಬಂಡಿ ಹತ್ತುವುದು ಆಗುತ್ತಿರಲಿಲ್ಲ.

ಅವಳು ನನ್ನನ್ನೂ ಕೂಡಿಸಿಕೊಂಡು ಕಟ್ಟೆಯ ಮೇಲೆ ಕೂತು, ಬಟ್ಟೆ ಬಿಚ್ಚಿ, ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು.

"ಏನು ಮಾಡ್ಲಿ ಅಂತ ಇದನ್ನ ಕೇಳಿ ಕೇಳಿ ಸಾಕು ಮಾಡೀನಿ. ಇದರಾಗ ಏನು ಬರದೈತಿ ಅಂತ ಒಂದಿನಾನೂ ಕೇಳಿಲ್ಲ. ಓದು."

"ಹೊತ್ತಾಗಾಕತ್ತೈತಿ," ಅಂದ ಅಪ್ಪ.

"ಎತ್ತಿಗೆ ಮೇವು ಹಾಕು," ಅಂದಳು ಆಯಿ.

ಪುಸ್ತಕ ತಾನಾಗಿ ತೆರೆದಲ್ಲಿ ಓದಿದೆ. ದಾರಿ ನಡೆಯುವವರನ್ನು ದೇವರು ಕಾಯುವ ಮಾತು ಅಲ್ಲಿತ್ತು. ಆಯಿ ತುಟಿ ಅಲ್ಲಾಡಿಸುತ್ತ ಕೇಳಿದಳು. ಮುಗಿದ ಮೇಲೆ ಮೆಲ್ಲಗೆ ಕೇಳಿದಳು.

"ಇದು ಯಾವ ಕಡಿ ಪುಟದಾಗ ಐತಿ?"

ಸುಳ್ಳು ಹೇಳಲೇ ಅನ್ನಿಸಿತು. "ಎಡಕ, ಆಯಿ," ಅಂದೆ.

ಅವಳು ಆ ಪುಟದ ಮೇಲೆ ತನ್ನ ಬಲಗೈ ಇಟ್ಟಳು, ತೆಗೆಯಲಿಲ್ಲ.

"ಚೊಲೊ ಐತಿ," ಅಂದಳು. "ಇನ್ನಷ್ಟು ಓದಿ ಹೋಗು."