ಹಿತ್ತಲಿನ ಆರು ತೊಟ್ಟಿ

ಓಣಿಯವರು ಅವಳನ್ನು ಹುಳದಮ್ಮ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ.

ಹನ್ನೊಂದು ವರ್ಷ ಕೆರೆಗಿಳಿದು ಅಂತರಗಂಗೆ ಕಿತ್ತವಳು ಅವಳು. ನೇರಳೆ ಹೂವಿನ ಆ ಕಳೆ ನೋಡಲು ಚೆಂದ; ಈ ದಡ ಮುಗಿಸಿ ಆ ದಡಕ್ಕೆ ಹೋಗುವಷ್ಟರಲ್ಲಿ ಇಲ್ಲಿ ಮತ್ತೆ ಚಾಪೆ ಹಾಸಿರುತ್ತಿತ್ತು. ಸೊಂಟ ಕೈಕೊಟ್ಟ ಮೇಲೆ ಕೆರೆ ಕಚೇರಿಯವರು ಅವಳಿಗೆ ಒಂದು ಡಬ್ಬಿ ಮೂತಿಹುಳ ಕೊಟ್ಟರು. ಜೀರಿಗೆಯಷ್ಟುದ್ದದ ಕಂದು ಹುಳ. ಅಂತರಗಂಗೆ ಬಿಟ್ಟು ಬೇರೇನನ್ನೂ ಮೂಸಿ ನೋಡುವುದಿಲ್ಲ. ಹಿತ್ತಲಿನ ಆರು ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಕಳೆ ಬೆಳೆಸಿ, ಅದರ ಮೇಲೆ ಹುಳ ಸಾಕಿ, ಕೆರೆಗೆ ಬಿಡುವುದು ಅವಳ ಕೆಲಸವಾಯಿತು.

ಹುಳ ತಿನ್ನುವುದು ನಿಧಾನ. ಕಚೇರಿಗೆ ಹೊಸದಾಗಿ ಬಂದ ಎಂಜಿನಿಯರಿಗೆ ಅಷ್ಟು ತಾಳ್ಮೆಯಿಲ್ಲ.

"ಅಮ್ಮಾ, ಶುಕ್ರವಾರ ಹತ್ತು ಗಂಟೆಗೆ ಐನೂರು ಹುಳ ತಂದ್ರೆ ಸರಿ. ಇಲ್ಲಾಂದ್ರೆ ಕೆರೆಗೆ ಔಷಧಿ ಹೊಡೆಸಿಬಿಡ್ತೀನಿ."

ಔಷಧಿ ಹೊಡೆದರೆ ಹಿಂದೆ ಬಿಟ್ಟ ಹುಳವೂ ಹೋಯಿತು, ಅವಳ ಕೆಲಸವೂ ಹೋಯಿತು.

ಆ ವಾರವೇ ಅಕ್ಕ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ತಟ್ಟೆಯ ಮುಂದೆ ಹುಳ ಎಂಬ ಮಾತು ಬಂದರೂ ಎದ್ದು ಹೋಗುವ ಹೆಂಗಸು. ಅವಳಿಗೆ ಹೆದರಿ ತಂಗಿ "ನರ್ಸರಿ ಕೆಲಸ" ಎಂದಷ್ಟೇ ಹೇಳಿದ್ದಳು.

ಗುರುವಾರ ಮಧ್ಯಾಹ್ನ ತಂಗಿ ಕೆರೆ ನೋಡಿಕೊಂಡು ಬಂದರೆ ಹಿತ್ತಲು ಲಕಲಕ ಹೊಳೆಯುತ್ತಿತ್ತು. ಆರು ತೊಟ್ಟಿಯನ್ನೂ ತಿಕ್ಕಿ ತೊಳೆದು ಬೋರಲು ಹಾಕಿತ್ತು. ಅಕ್ಕ ತೋಳು ಮಡಚಿಕೊಂಡು, ಮುಖ ಅರಳಿಸಿಕೊಂಡು ನಿಂತಿದ್ದಳು.

"ಎಲೆಯೆಲ್ಲಾ ತೂತು ಕಣೇ! ಹುಳ ಹತ್ತಿದ ಗಿಡ ಯಾರಾದ್ರೂ ಇಟ್ಕೋತಾರಾ? ಒಂದೂ ಬಿಡದೆ ಕಿತ್ತು ಗೋಡೆ ಪಕ್ಕ ಗುಡ್ಡೆ ಹಾಕಿದೀನಿ."

ತಂಗಿ ಗುಡ್ಡೆಯತ್ತ ಧಾವಿಸಿದಳು. "ನಾನು ಬೆಳೆಸೋದು ಆ ಹುಳಾನೇ ಕಣಕ್ಕಾ. ನಾಳೆ ಐನೂರು ಕೊಡಬೇಕು."

"ಹುಳಾನಾ? ನರ್ಸರಿ ಅಂದಿದ್ಯಲ್ಲೇ!"

"ತಪ್ಪು ನಂದೇ. ಬಾ, ಕೈ ಹಾಕು."

ಗುಡ್ಡೆಯ ಮೇಲಿನ ಎಲೆಗಳು ಬಿಸಿಲಿಗೆ ಸುರುಟಿದ್ದವು. ಅವಳು ಒಂದು ಗಿಡದ ನಡುವಿನ ಸುಳಿಯೊಳಗೆ ಬೆರಳಿಟ್ಟು ನೋಡಿದಳು. ಇನ್ನೂ ತಣ್ಣಗಿತ್ತು. ಹಗಲು ಹುಳಗಳು ಅಡಗುವುದು ಅಲ್ಲೇ. ಇಬ್ಬರೂ ತೊಟ್ಟಿಗಳಿಗೆ ನೀರು ತುಂಬಿದರು, ಗಿಡಗಳನ್ನು ಒಳಗೆ ಮುಳುಗಿಸಿ, ಮೇಲೆ ಜಾಲರಿ ಹಾಕಿ ಕಲ್ಲು ಹೇರಿದರು. ಉಸಿರಾಡಲು ಹುಳ ಮೇಲೆ ಬರಲೇಬೇಕು, ಬದುಕಿದ್ದರೆ.

ಹತ್ತು ನಿಮಿಷವಾಯಿತು. ನೀರ ಮೇಲೆ ಕಸ ಮಾತ್ರ ತೇಲುತ್ತಿತ್ತು.

"ಸತ್ತೇಹೋದ್ವೇನೇ?" ಅಕ್ಕ ತೊಟ್ಟಿಯ ಮೇಲೆ ಬಗ್ಗಿದಳು.

"ಸುಮ್ನಿರು ಸ್ವಲ್ಪ."

ಜಾಲರಿಯ ಕಣ್ಣಿನಿಂದ ಒಂದು ಕಂದು ಚುಕ್ಕೆ ಮೇಲೆದ್ದಿತು. ಕಸವೆಂದುಕೊಂಡರೆ ಅದಕ್ಕೆ ಕಾಲು ಬಂತು. ಅದರ ಹಿಂದೆ ಇನ್ನೆರಡು. ಆಮೇಲೆ ಲೆಕ್ಕವಿಲ್ಲದಷ್ಟು. ತಂಗಿ ಒಳಗಿಂದ ಬಾಟಲಿಗಳನ್ನು ತಂದಳು.

ಬಣ್ಣದ ಕುಂಚದಿಂದ ಒಂದೊಂದನ್ನೇ ಎತ್ತಿ ಬಾಟಲಿಗೆ ಹಾಕತೊಡಗಿದರು. ಅಕ್ಕ ಮುಖ ಆಚೆ ತಿರುಗಿಸಿ, ಓರೆಗಣ್ಣಲ್ಲೇ ಎಣಿಸುತ್ತಿದ್ದಳು. "ಎಂಬತ್ತಾರು, ಎಂಬತ್ತೇಳು... ಅಯ್ಯೋ, ಬೆರಳಿಗೆ ಹತ್ತಿತು! ಕಚ್ಚುತ್ತೇನೇ?"

"ನೀನೇನು ಅಂತರಗಂಗೇನಾ?"

ಅಕ್ಕನಿಗೆ ನಗು ತಡೆಯದೆ ಎಣಿಕೆ ತಪ್ಪಿತು. ಆ ಬಾಟಲಿಯನ್ನು ಮೊದಲಿಂದ ಎಣಿಸಬೇಕಾಯಿತು. ಹೊತ್ತು ಮುಳುಗುವ ಮೊದಲು ಒಟ್ಟು ಐನೂರ ಮೂವತ್ತೊಂದಾದವು. ಮರಿಗಳು ಇನ್ನೂ ದಂಟಿನೊಳಗೇ ಇರುವುದರಿಂದ ಗಿಡಗಳನ್ನು ಮತ್ತೆ ತೊಟ್ಟಿಯಲ್ಲಿ ತೇಲಿಬಿಟ್ಟರು.

ಶುಕ್ರವಾರ ಕೆರೆಯ ಬಳಿ ಎಂಜಿನಿಯರು ಎರಡು ಬಾಟಲಿ ತಾವೇ ಎಣಿಸಿದರು. ದಡದ ಹಳೇ ಕಳೆಯ ಎಲೆಯೊಂದನ್ನು ಕಿತ್ತು, ಹಿಂದೆ ಬಿಟ್ಟ ಹುಳ ಕೊರೆದ ತೂತುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಔಷಧಿ ಬೇಡ ಬಿಡಿ. ಒಂದು ವರ್ಷ ನೋಡೋಣ."

ಹುಳಗಳನ್ನು ಕಳೆಯ ಮೇಲೆ ಉದುರಿಸಿ ಮನೆಗೆ ಬಂದವಳು ಚಪ್ಪಲಿ ಬಿಚ್ಚಲು ಕುರ್ಚಿಯಲ್ಲಿ ಕೂತಳು. ಒಂದು ಬಿಚ್ಚುವಷ್ಟರಲ್ಲಿ ನಿದ್ದೆ ಹತ್ತಿತ್ತು. ಅಕ್ಕ ಇನ್ನೊಂದನ್ನು ಬಿಚ್ಚಲು ಬಗ್ಗಿ, ಎಚ್ಚರವಾದೀತೆಂದು ಹಾಗೇ ಬಿಟ್ಟಳು.