ಕಲ್ಲುಕ್ವಾರಿಯ ನೀರಿನಲ್ಲಿ ಕುಸ್ತಿ

ಪುಣೆಯಲ್ಲಿ ನನ್ನನ್ನು ಮೊದಲು ಮುಟ್ಟಿದ ಕೈ ನನ್ನ ಬಾಯಿಂದ ಉಸಿರನ್ನು ಕಿತ್ತುಕೊಂಡಿತು. ಇದು ಅಲಂಕಾರದ ಮಾತಲ್ಲ. ಹಡಪಸರದ ಕಾರ್ಖಾನೆಗಳ ಹಿಂದಿರುವ ಆಳವಾದ ಈಜುಕೊಳವೊಂದರ ತಳದಲ್ಲಿ ನಾನು ಮಂಡಿಯೂರಿ ಕೂತಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಲ್ಲಿ ಅದರ ಕೊಳವೆ. ಹಿಂದಿನಿಂದ ಬಂದ ಕೈಯೊಂದು ಕೊಳವೆಯನ್ನು ಎಳೆದು ಹಾಕಿತು, ಇನ್ನೊಂದು ಮಾಸ್ಕ್ ಕಿತ್ತಿತು, ಮೊಣಕಾಲೊಂದು ಬೆನ್ನಿಗೆ ಬಿತ್ತು. ನಾನು ನೀರು ಕುಡಿದೆ. ಕೈಕಾಲು ಬಡಿಯುತ್ತ ಮೇಲಕ್ಕೆ ಓಡಿ, ಅಂಚು ಹಿಡಿದು, ಬೆಳಿಗ್ಗೆ ತಿಂದ ಪೋಹೆಯನ್ನೆಲ್ಲ ಕಾರಿದೆ.

ಹಿಂದೆಯೇ ಮೇಲೆ ಬಂದವರು ನಮ್ಮ ತರಬೇತುದಾರ ದೇಸಾಯಿ ಸರ್. ಆ ಕೈಗಳೂ ಮೊಣಕಾಲೂ ಅವರವೇ. ಬಹಳ ವರ್ಷ ನೌಕಾಪಡೆಯಲ್ಲಿ ಡೈವರ್ ಆಗಿದ್ದವರು, ಮೂಲತಃ ಬೆಳಗಾವಿ ಕಡೆಯವರು. ಉಳಿದವರನ್ನು ಮರಾಠಿಯಲ್ಲಿ ಬೈದರೆ ನನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದರು.

“ಯಾಕ್ರೀ ಮೇಡಂ, ಮ್ಯಾಲೆ ಯಾಕ ಬಂದ್ರಿ?”

“ಉಸಿರಿರಲಿಲ್ಲ ಸರ್.”

“ಉಸಿರು ನಿಮ್ಮ ಬೆನ್ನಮ್ಯಾಲೇ ಇತ್ತಲ್ರಿ. ಸಮುದ್ರದ ತಳದಾಗಿಂದ ಹಿಂಗ ಉಸಿರು ಹಿಡದು ಓಡಿ ಬಂದ್ರ ಪುಪ್ಪುಸ ಒಡದು ಸಾಯ್ತೀರಿ. ಕಸಗೊಂಡಾವನ ಕೈ ಮುರೀರಿ, ಕೊಳವಿ ಹುಡುಕ್ರಿ, ಬಾಯಾಗ ಇಟ್ಕೋರಿ. ನಡೀರಿ ಕೆಳಗ.”

ಈ ಪಾಠಕ್ಕೆ ಅಲ್ಲಿ ‘ಧಿಂಗಾಣಾ’ ಎಂದು ಹೆಸರು. ಮರಾಠಿಯಲ್ಲಿ ದೊಂಬಿ, ರಂಪ ಎಂದು ಅರ್ಥ. ದಿನವೂ ಬೆಳಿಗ್ಗೆ ನಮ್ಮ ಮೇಲೆ ಧಿಂಗಾಣಾ ನಡೆಯುತ್ತಿತ್ತು.

ಸಮುದ್ರದ ಪಕ್ಕದ ಕುಮಟಾದಿಂದ ಸಮುದ್ರವೇ ಇಲ್ಲದ ಊರಿಗೆ ಮುಳುಗುವುದನ್ನು ಕಲಿಯಲು ಬಂದಿದ್ದೇಕೆ ಎಂದು ಊರಿನಲ್ಲಿ ಕೇಳದವರಿಲ್ಲ. ಕಾರಣ ಮಳೆಗಾಲ. ನಮ್ಮ ಕಡಲು ಆಗ ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಡಲಜೀವಶಾಸ್ತ್ರ ಓದಿದ ನನಗೆ ಹವಳದ ದಿಬ್ಬಗಳ ಸಮೀಕ್ಷೆಯ ತಂಡವೊಂದು ಕೆಲಸ ಕೊಡುವುದಾಗಿ ಒಪ್ಪಿತ್ತು. ಷರತ್ತು ಒಂದೇ: ಮಳೆ ನಿಂತು ಕಡಲು ತೆರೆಯುವಷ್ಟರಲ್ಲಿ ವೃತ್ತಿಪರ ಡೈವರ್ ಪರೀಕ್ಷೆ ಪಾಸಾಗಿರಬೇಕು. ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ. ನಿಜ ಹೇಳಬೇಕೆಂದರೆ ಹುಟ್ಟೂರಿನ ಕಡಲಿನೊಡನೆ ನನ್ನ ಪರಿಚಯ ಮೊಣಕಾಲಿನ ಮಟ್ಟದ್ದು. ಅದಕ್ಕಿಂತ ಮುಂದೆ ಹೋದರೆ ದಂಡೆಯಿಂದ ಯಾರಾದರೂ ಕೂಗುತ್ತಿದ್ದರು.

ಕಾತ್ರಜದಲ್ಲಿ ಧಾರವಾಡದ ಸುಮಿತ್ರಾ ಕಾಕು ಅವರ ಮನೆಯ ಮೇಲಿನ ಕೋಣೆ ಸಿಕ್ಕಿತು. ಮೀನು ಮನೆಯೊಳಗೆ ಬರಬಾರದು ಎಂಬುದೊಂದೇ ಕರಾರು. ಕುಚ್ಚಲಕ್ಕಿಯ ಅನ್ನದಲ್ಲಿ ಬೆಳೆದ ಹೊಟ್ಟೆ ಮೊದಲ ವಾರ ಜೋಳದ ಭಕ್ಕರಿಯನ್ನು ಅನುಮಾನದಿಂದ ನೋಡಿತು. ಆಮೇಲೆ ಧಿಂಗಾಣಾ ಮುಗಿಸಿ ಬಂದ ಮಧ್ಯಾಹ್ನಗಳಲ್ಲಿ ಶೇಂಗಾ ಹಿಂಡಿ ಹಚ್ಚಿಕೊಂಡು ಮೂರು ಮೂರು ತಿಂದೆ. ಕಾಕು ಬಡಿಸುತ್ತ ನನ್ನ ತೋಳನ್ನೇ ನೋಡುತ್ತಿದ್ದರು. ತೋಳಿನ ಮೇಲೆ ಬೆರಳಿನ ಗುರುತುಗಳು ಎಣಿಸುವಷ್ಟು ಸ್ಪಷ್ಟವಾಗಿ ನೀಲಿಯಾಗಿ ಮೂಡಿದ್ದವು. ಒಂದು ದಿನ ಲಟ್ಟಣಿಗೆ ಕೆಳಗಿಟ್ಟರು.

“ಯಾಂವ ಅವಾ? ಹೆಸರ ಹೇಳು. ಅವನ ಮನಿ ಮುಂದ ಕಸಬರಿಗಿ ತಗೊಂಡು ನಿಂದರ್ತೀನಿ.”

“ಯಾರೂ ಇಲ್ಲ ಕಾಕು. ಅದು ನಮ್ಮ ಕ್ಲಾಸು.”

“ಹೊಡಿಸ್ಕೊಳ್ಳಾಕ ಕ್ಲಾಸು ಬ್ಯಾರೆ ಅದನ? ಇದಕ್ಕ ಎಂ.ಎಸ್ಸಿ. ಮಾಡಿಯೇನವಾ?”

ನನ್ನನ್ನು ಹೊಡೆಯುತ್ತಿದ್ದವರು ದೇಸಾಯಿ ಸರ್ ಒಬ್ಬರೇ. ನನ್ನ ತೊಂದರೆ ಅದೇ ಆಗಿತ್ತು. ಕೊನೆಯ ಪರೀಕ್ಷೆ ಮುಳುಗುತ್ತಿರುವವನನ್ನು ಬದುಕಿಸುವುದು. ಒಬ್ಬರು ಗಾಬರಿಗೊಂಡವರಾಗಿ ನಿಜವಾಗಿ ಹೋರಾಡಬೇಕು, ಇನ್ನೊಬ್ಬರು ಅವರನ್ನು ಅಂಕೆಗೆ ತಂದು ದಡ ಸೇರಿಸಬೇಕು. ನನ್ನ ಜೋಡಿ ಪ್ರಸಾದ. ಬಾರಾಮತಿಯವನು, ಚಿಕ್ಕಂದಿನಿಂದ ತಾಲೀಮಿನಲ್ಲಿ ಕುಸ್ತಿ ಆಡಿದ ಪೈಲವಾನ. ಉಳಿದ ಗಂಡಸರ ಮುಖವನ್ನು ಕೊಳದ ಟೈಲ್ಸಿಗೆ ಉಜ್ಜುತ್ತಿದ್ದವನು ನನ್ನ ಸರದಿ ಬಂದಾಗ ನೀರಿನಲ್ಲಿ ಕೈ ಜೋಡಿಸಿಕೊಂಡವನಂತೆ ತೇಲುತ್ತಿದ್ದ. ಸ್ವಾರಗೇಟಿನ ಬಸ್ಸಿನಲ್ಲಿ ಇದೇ ಊರಿನ ಗಂಡಸರ ಮೊಣಕೈ ದಿನವೂ ನನ್ನ ಪಕ್ಕೆಲುಬಿಗೆ ತಿವಿಯುತ್ತಿತ್ತು, ಅದಕ್ಕೆ ಯಾರಿಗೂ ನಾಚಿಕೆಯಿರಲಿಲ್ಲ. ತಮಗೆ ಬೇಕಾದ ಕಡೆ ಮಾತ್ರ ಈ ಮರ್ಯಾದೆ!

“ಹೊಡಿ,” ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. “ಕತ್ತು ಹಿಡಿ.”

“ತಾಈ, ನಾಹೀ ಜಮಣಾರ್,” ಎಂದ ಪ್ರಸಾದ. ಅಕ್ಕಾ, ಆಗುವುದಿಲ್ಲ. ಹೆಂಗಸಿನ ಮೇಲೆ ಕೈ ಮಾಡುವುದಿಲ್ಲವೆಂದು ಅಖಾಡದ ಹನುಮಂತನ ಮುಂದೆ ಆಣೆಯಿಟ್ಟಿದ್ದನಂತೆ.

ದೇಸಾಯಿ ಸರ್ ಇಬ್ಬರನ್ನೂ ನಿಲ್ಲಿಸಿ, ಅವನಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ ಒಂದೇ ಮಾತು ಹೇಳಿದರು. “ಮುಳುಗಾವ ತಾಈ ಅಂತ ಕರದು ಕಾಲು ಮುಟ್ಟಿ ಹಿಡಕೊಳ್ಳಂಗಿಲ್ಲ. ಕೂದಲಾ ಹಿಡೀತಾನ, ಕುತಿಗಿ ಹಿಡೀತಾನ, ತನ್ನ ಕೂಡ ಒಯ್ತಾನ. ಪರೀಕ್ಷಾದಾಗೂ ಹಿಂಗ ನಾಟಕ ಆಡಿದ್ರ ಇಬ್ಬರಿಗೂ ಸಹಿ ಹಾಕಂಗಿಲ್ಲ. ಮುಂದಿನ ವರ್ಷ ಬರ್ರಿ.”

ಮುಂದಿನ ವರ್ಷ ನನಗೆ ಆ ಕೆಲಸ ಇರುವುದಿಲ್ಲ. ಊಟಕ್ಕೆ ಕೂತಾಗ ಕಾಕುಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಷ್ಟೊಂದು ಮಾತನ್ನು ನಾನು ಈ ಊರಿನಲ್ಲಿ ಯಾರ ಹತ್ತಿರವೂ ಆಡಿರಲಿಲ್ಲ.

ಕಾಕು ನಕ್ಕರು. “ಹುಚ್ಚಿ. ಪೈಲವಾನಗ ಬಾಯಿಲೆ ಹೇಳಿದ್ರ ತಿಳೀತದೇನು? ನಮ್ಮಪ್ಪನೂ ಗರಡಿ ಆಳು. ಅವನ ಕೈಯಾಗ ಮಣ್ಣ ಕೊಡು. ತಗೊಂಡ ಅಂದ್ರ ಕುಸ್ತಿಗೆ ಒಪ್ಪಿದಂಗ, ಮುಂದ ನಿಂತಾವ ಅಣ್ಣೋ ತಮ್ಮೋ ನೋಡಂಗಿಲ್ಲ. ತಗೊಳ್ಳಲಿಲ್ಲ ಅಂದ್ರ ಆಡದನ ಸೋತಂಗ.”

ಪರೀಕ್ಷೆ ಕಾತ್ರಜ ಘಾಟಿನಾಚೆ, ಕೆಲಸ ನಿಂತು ನೀರು ತುಂಬಿದ ಒಂದು ಕಲ್ಲುಕ್ವಾರಿಯಲ್ಲಿ. ಮಳೆ ಜಿನುಗುತ್ತಿತ್ತು. ದಡದ ಕೆಂಪು ಕೆಸರನ್ನು ಬೊಗಸೆಯಲ್ಲಿ ತೆಗೆದುಕೊಂಡು ಪ್ರಸಾದನ ಮುಂದೆ ಹಿಡಿದೆ. ಅವನು ನನ್ನ ಕೈ ನೋಡಿದ, ಮುಖ ನೋಡಿದ, ದೇಸಾಯಿ ಸರ್ ಕಡೆ ನೋಡಿದ. ಅವರು ಆಕಾಶ ನೋಡುತ್ತಿದ್ದರು. ಹಿಂದಿನಿಂದ ಒಬ್ಬ, “ಘೇ ಕೀ, ಘಾಬರಲಾಸ್ ಕಾ?” ಎಂದು ಕೆಣಕಿದ. ತಗೊಳ್ಳೋ, ಹೆದರಿದೆಯಾ? ಪ್ರಸಾದ ಕಣ್ಣು ಮುಚ್ಚಿ ಏನನ್ನೋ ಗೊಣಗಿದ. ಹನುಮಂತನ ಕ್ಷಮೆ ಕೇಳಿರಬೇಕು. ಆಮೇಲೆ ಮಣ್ಣು ತೆಗೆದುಕೊಂಡು ತೋಳಿಗೆ ಉಜ್ಜಿಕೊಂಡ, ಉಳಿದದ್ದನ್ನು ನನ್ನ ಹೆಗಲಿಗೆ ಎಸೆದ.

ಕೆಳಗೆ ನೀರು ಹಸಿರು, ತಣ್ಣಗೆ. ಚಾಚಿದ ಕೈ ಕಾಣದಷ್ಟು ಮಬ್ಬು. ನಾನು ಅವನನ್ನು ಕಾಣುವ ಮೊದಲೇ ಅವನ ಕೈ ನನ್ನ ಜಡೆಗೆ ಬಿತ್ತು. ಮಾಸ್ಕ್ ಹೋಯಿತು. ಕೊಳವೆ ಹೋಯಿತು. ಮೊಣಕಾಲು ಹೊಟ್ಟೆಗೆ ಹೂತಾಗ ಒಳಗಿದ್ದ ಗಾಳಿಯೂ ಗುಳ್ಳೆಯಾಗಿ ಹೋಯಿತು. ಅವನು ನನ್ನ ಕತ್ತನ್ನು ತೋಳಿನ ಮಡಿಕೆಯಲ್ಲಿ ಸಿಕ್ಕಿಸಿ ಕಲ್ಲಿನ ಗೋಡೆಗೆ ಒತ್ತಿದ. ಕಿವಿಯಲ್ಲಿ ರಕ್ತ ಬಡಿಯುವುದು ಕೇಳಿಸಿತು. ಮೇಲಕ್ಕೆ ಓಡಬೇಕೆನ್ನಿಸಲಿಲ್ಲ. ಅವನ ಕಿರುಬೆರಳು ಸಿಕ್ಕಿತು, ಹಿಂದಕ್ಕೆ ಬಾಗಿಸಿದೆ. ತೋಳು ಸಡಿಲವಾದೊಡನೆ ತಿರುಗಿ ಮೊಣಕೈಯಿಂದ ಹೊಡೆದೆ. ಗಟ್ಟಿಯಾದದ್ದೇನೋ ಮುರಿಯಿತು. ಕೊಳವೆ ಹುಡುಕಿ ಬಾಯಿಗಿಟ್ಟು ಒಂದು ಉಸಿರು ಎಳೆದೆ, ಮತ್ತೆ ಹೊಡೆದೆ. ಎರಡನೆಯ ಹೊಡೆತ ಬೇಕಿರಲಿಲ್ಲ. ಅವನ ಬೆನ್ನಿಗೆ ಹೋಗಿ ಸಿಲಿಂಡರಿನ ಕುತ್ತಿಗೆಯನ್ನು ಹಿಡಿದು, ಒದೆಯುತ್ತಿದ್ದವನನ್ನು ಕಾಲುಗಳ ನಡುವೆ ಕಟ್ಟಿ, ನಿಧಾನವಾಗಿ, ಎಷ್ಟು ನಿಧಾನ ಬೇಕೋ ಅಷ್ಟೇ ನಿಧಾನವಾಗಿ ಮೇಲೆ ತಂದೆ.

ದಡದಲ್ಲಿ ಪ್ರಸಾದ ಅರ್ಧ ಹಲ್ಲನ್ನು ಅಂಗೈಗೆ ಉಗುಳಿ ನಗತೊಡಗಿದ. “ತಾಈ ನಾಹೀ ಹೀ, ವಸ್ತಾದ್ ಆಹೇ!” ಇವಳು ಅಕ್ಕ ಅಲ್ಲ, ಕುಸ್ತಿಯ ಗುರು. ದೇಸಾಯಿ ಸರ್ ಅಲ್ಲೇ ಸಹಿ ಹಾಕಿದರು. “ದವಾಖಾನಿಗೆ ನೀವ ಕರಕೊಂಡು ಹೋಗ್ರಿ, ವಸ್ತಾದ್.” ನಾನು ಪುಣೆಗೆ ಬಂದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕೆ.

ಕೆಲಸಕ್ಕೆ ಹೊರಡುವ ಮುಂಚೆ ಊರಿಗೆ ಹೋದೆ. ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಹಿಂದಿನಿಂದ ಎರಡು ಕೈ ನನ್ನ ಕಣ್ಣು ಮುಚ್ಚಿದವು. ಕ್ಷಣವೂ ಆಗಿರಲಿಲ್ಲ. ತಂಗಿ ನೆಲದ ಮೇಲಿದ್ದಳು; ನನ್ನ ಮೊಣಕಾಲು ಅವಳ ಬೆನ್ನ ಮೇಲಿತ್ತು, ಅವಳ ಮಣಿಕಟ್ಟು ನನ್ನ ಕೈಯಲ್ಲಿ ತಿರುಚಿತ್ತು. ಅವಳು ಕಿರುಚಿದ ಮೇಲೆ ನನಗೆ ಅದು ಯಾರೆಂದು ತಿಳಿಯಿತು.

“ಎಂತಾ ಮಾಡ್ದೆ ಮಾರಾಯ್ತಿ?” ಎಂದು ಅಮ್ಮ ಓಡಿ ಬಂದಳು. ಆಮೇಲೆ ಯಾರೂ ಬೈಯಲಿಲ್ಲ. ಅಮ್ಮ ಚಾದ ಲೋಟವನ್ನು ಕೈಗೆ ಕೊಡದೆ ಜಗಲಿಯ ಮೇಲಿಟ್ಟು ಹೋಗುತ್ತಿದ್ದಳು.

ಹೊರಡುವ ದಿನ ತಂಗಿ ಪಟ್ಟಿ ಕಟ್ಟಿದ ಕೈ ಎದೆಗೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು.

“ಅಕ್ಕಾ, ಅದನ್ನ ನಂಗೂ ಕಲಿಸ್ಕೊಡ್ತ್ಯಾ?”

“ಕಲಿಸ್ತೆ,” ಎಂದು ಅವಳ ತಲೆ ಸವರಲು ಕೈ ಎತ್ತಿದೆ. ಅವಳು ನಗುತ್ತಲೇ ಇದ್ದಳು, ಆದರೆ ಅರ್ಧ ಹೆಜ್ಜೆ ಹಿಂದಕ್ಕೆ ಸರಿದಳು. ಅದು ಅವಳಿಗೇ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ಎತ್ತಿದ ಕೈಯಿಂದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದೆ. ಕಾಕು ಮನೆಯಲ್ಲಿಟ್ಟ ಸಾಮಾನು ತೆಗೆದುಕೊಳ್ಳಲು ಪುಣೆಯಲ್ಲಿ ಇಳಿದೊಡನೆ ಪ್ರಸಾದ ಬೆನ್ನಿಗೊಂದು ಗುದ್ದು ಕೊಡುತ್ತಾನೆ, ನಾನು ತಪ್ಪಿಸಿಕೊಂಡು ತಿರುಗಿ ಕೊಡುತ್ತೇನೆ, ಕಾಕು ಇಬ್ಬರಿಗೂ ಬೈಯುತ್ತಾರೆ. ಅಲ್ಲಿ ನನ್ನ ಕೈಗೆ ಯಾರೂ ಹೆದರುವುದಿಲ್ಲ. ಆದರೆ ತಂಗಿಯ ತಲೆಯನ್ನು ಸವರುವುದಕ್ಕೆ ನಾನು ಮತ್ತೆ ಕುಮಟಾಕ್ಕೇ ಹೋಗಬೇಕು, ಎದುರಿನಿಂದ, ನಿಧಾನವಾಗಿ.